ಪಾಲಿಮರ್ ಕ್ಲೇಯಲ್ಲಿ ಪ್ರಾಚೀನ ಈಜಿಪ್ಟಿನ ಫೇಯಾನ್ಸ್, ಲ್ಯಾಪಿಸ್, ಕಾರ್ನೀಲಿಯನ್: ಮಣಿಯಿಂದ ಕಂಠಹಾರದವರೆಗೆ

ಶುರು ಮಾಡೋ ಮುಂಚೆ ಒಂದು ಕೆಲಸ ಮಾಡಿ, ಒಡೆದುಹೋದ ಈಜಿಪ್ಟಿನ ಫೇಯಾನ್ಸ್ (ಮರಳಿನ ಪುಡಿ ಸುಟ್ಟು ಮಾಡಿದ, ಮೇಲೆ ಗಾಜಿನ ಹೊಳಪಿರೋ ವಸ್ತು) ಮಣಿಯ ಕ್ಲೋಸಪ್ ಫೋಟೋ ಯಾವುದಾದ್ರೂ ಮ್ಯೂಸಿಯಂ ಸೈಟಲ್ಲಿ ಹುಡುಕಿ ದೊಡ್ಡದು ಮಾಡ್ಕೊಂಡು ನೋಡಿ. ಹೊರಗಡೆ ಆ ಪ್ರಸಿದ್ಧ ನೀಲಿ-ಹಸಿರು, ಆದ್ರೆ ಮುರಿದ ಜಾಗದಲ್ಲಿ ಸಂಕ್ರಾಂತಿ ಸಕ್ಕರೆ ಅಚ್ಚು ಮುರಿದ ಹಂಗೆ ಬಿಳಿ ಬಿಳಿ, ತರಿ ತರಿ. ಬಣ್ಣ ಇರೋದು ಮೇಲಿನ ತೆಳು ಪದರದಲ್ಲಿ ಮಾತ್ರ. ಈ ಒಂದು ವಿಷಯ ತಲೆಗೆ ಹೋದ್ರೆ ನಿಮ್ಮ ಅರ್ಧ ಕೆಲಸ ಆದಂಗೆ, ಯಾಕಂದ್ರೆ ನೀಲಿ ಕ್ಲೇ ತಗೊಂಡು ಉಂಡೆ ಕಟ್ಟಿ ಬೇಯಿಸಿದ್ರೆ ಅದು ನೀಲಿ ಪ್ಲಾಸ್ಟಿಕ್ ಮಣಿ ಆಗುತ್ತೆ ಅಷ್ಟೇ, ಫೇಯಾನ್ಸ್ ಥರ ಕಾಣಬೇಕು ಅಂದ್ರೆ ಒಳಗೊಂದು ಬಿಳಿ ಒಡಲು, ಮೇಲೊಂದು ಅರೆಪಾರದರ್ಶಕ ಗಾಜಿನ ಚರ್ಮ, ಎರಡೂ ಬೇಕು.

ನಾನು ಇದನ್ನ ಕಲಿಯೋಕೆ ಎರಡು ವರ್ಷ ತಗೊಂಡಿದೀನಿ, ಆದ್ದರಿಂದ ಉದ್ದಕ್ಕೇ ಬರೀತೀನಿ. ಒಂದೊಂದು ಕಲ್ಲಿಗೂ ಅದು ನೆಲದಲ್ಲಿ ಹೆಂಗೆ ಹುಟ್ಟಿತು ಇಲ್ಲಾ ಕುಲುಮೆಯಲ್ಲಿ ಹೆಂಗೆ ಆಯ್ತು ಅಂತ ತಿಳ್ಕೊಂಡು ಆ ದಾರೀಲೇ ಕ್ಲೇನ ಕರ್ಕೊಂಡು ಹೋದ್ರೆ ಮಾತ್ರ ಕಣ್ಣು ಮೋಸ ಹೋಗುತ್ತೆ, ಬರೀ ಬಣ್ಣ ಹೊಂದಿಸಿದ್ರೆ ಹೋಗಲ್ಲ.

ಇನ್ನೊಂದು ಮಾತು. "ಇದು ನಕಲಿ ತಾನೇ" ಅಂತ ಯಾರಾದ್ರೂ ಹೇಳಿದ್ರೆ ಬೇಜಾರಾಗ್ಬೇಡಿ. ಈಜಿಪ್ಟಿನವರೇ ಈ ಕೆಲಸದಲ್ಲಿ ನಮ್ಮ ಗುರುಗಳು. ಫೇಯಾನ್ಸ್ ಅನ್ನೋದೇ ಹಸಿರುನೀಲಿ ಟರ್ಕಾಯ್ಸ್ ಮತ್ತು ಕಡುನೀಲಿ ಲ್ಯಾಪಿಸ್ ಕಲ್ಲಿನ ಹೊಳಪನ್ನ ಮರಳಲ್ಲಿ ತರೋ ಪ್ರಯತ್ನ, ಅದಕ್ಕೆ ಅವರು ಇಟ್ಟ ಹೆಸರು ತ್ಜೆಹೆನೆತ್, ಅಂದ್ರೆ ಥಳಥಳ ಹೊಳೆಯೋದು. ಟುಟಾಂಖಾಮನ್‌ನ ಚಿನ್ನದ ಮುಖವಾಡ ನೋಡಿ, ಸುಮಾರು 10 ಕೆಜಿ ತೂಕದ್ದು, ಅದರ ಹುಬ್ಬು ಮತ್ತು ಕಣ್ಣಿನ ಸುತ್ತ ಇರೋದು ನಿಜವಾದ ಲ್ಯಾಪಿಸ್, ಆದ್ರೆ ತಲೆವಸ್ತ್ರದ ನೀಲಿ ಪಟ್ಟೆಗಳು ನೀಲಿ ಗಾಜು! ರಾಜನ ಮುಖಕ್ಕೇ ಗಾಜು ಹಾಕಿದ್ರು. ನಿಜವಾದ ಲ್ಯಾಪಿಸ್ ಬೇರೆ, ಕುಲುಮೆಯ ಲ್ಯಾಪಿಸ್ (ಅಂದ್ರೆ ಈ ಥರದ ನೀಲಿ ಗಾಜು) ಬೇರೆ ಅಂತ ಅವರ ಬರಹಗಳಲ್ಲೇ ವಿಂಗಡಣೆ ಇತ್ತು, ಎರಡಕ್ಕೂ ಮರ್ಯಾದೆ ಇತ್ತು.

ಏನೇನು ಬೇಕು

ಮೊದಲು ಕ್ಲೇ ವಿಷಯ ಸರಿಯಾಗಿ ಕೇಳಿಸ್ಕೊಳ್ಳಿ, ಇಲ್ಲಿ ತುಂಬಾ ಜನ ದುಡ್ಡು ಕಳ್ಕೋತಾರೆ. ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಕ್ಲೇ ಅಂತ ಕೇಳಿದ್ರೆ ಕೊಡೋದು ಗಾಳಿಗೆ ಒಣಗೋ ಏರ್ ಡ್ರೈ ಕ್ಲೇ, ಇಲ್ಲಾ ಶಿಲ್ಪಕಾರ್, ಮೌಲ್ಡ್-ಇಟ್ ಥರದ ಎರಡು ಭಾಗ ಕಲಸೋ ಎಪಾಕ್ಸಿ. ಅವು ಒಳ್ಳೇ ಸಾಮಾನೇ, ಆದ್ರೆ ಈ ಕೆಲಸಕ್ಕೆ ಬರಲ್ಲ. ಪಾಲಿಮರ್ ಕ್ಲೇ ಅಂದ್ರೆ ಪಿವಿಸಿ ಪ್ಲಾಸ್ಟಿಕ್ ಪುಡಿ ಮತ್ತು ಅದನ್ನ ಮೆದು ಮಾಡೋ ಪ್ಲಾಸ್ಟಿಸೈಸರ್ ಸೇರಿದ್ದು, ಓವನ್ನಲ್ಲಿ ಬೇಯೋವರೆಗೂ ಗಟ್ಟಿ ಆಗಲ್ಲ. ಫಿಮೋ, ಸ್ಕಲ್ಪಿ ಪ್ರೀಮೋ, ಸೆರ್ನಿಟ್ ಇವು ಆನ್‌ಲೈನ್‌ನಲ್ಲಿ ಸಿಗುತ್ವೆ. ಆಭರಣಕ್ಕೆ ಸ್ವಲ್ಪ ಬಾಗಿದ್ರೂ ಮುರಿಯದಂಥ ಗ್ರೇಡ್ ಬೇಕು, ಮಕ್ಕಳ ಕ್ಲೇ ಸೆಟ್ ತಗೋಬೇಡಿ.

ಬಣ್ಣಗಳು: ಟ್ರಾನ್ಸ್‌ಲೂಸೆಂಟ್ ಎರಡು ಪ್ಯಾಕೆಟ್ (ಬಣ್ಣ ಇಲ್ಲದ ಅರೆಪಾರದರ್ಶಕ ಕ್ಲೇ, ಇದೇ ಜಾಸ್ತಿ ಖರ್ಚಾಗೋದು), ಬಿಳಿ ಎರಡು, ಟರ್ಕಾಯ್ಸ್, ಅಲ್ಟ್ರಾಮರೀನ್ ನೀಲಿ, ಹಸಿರು, ಕೆಂಪು, ಕಿತ್ತಳೆ, ಕಪ್ಪು, ಕಂದು, ಗೋಲ್ಡ್ ಒಂದೊಂದು. ಜೊತೆಗೆ ಒಂದು ಸಣ್ಣ ಬಾಟಲಿ ಲಿಕ್ವಿಡ್ ಪಾಲಿಮರ್ ಕ್ಲೇ, ಆಯಿಲ್ ಪೇಂಟ್ ನೀಲಿ-ಹಸಿರು ಎರಡು ಟ್ಯೂಬ್, ಕಂದು ಅಕ್ರಿಲಿಕ್ ಪೇಂಟ್. ಚಿನ್ನಕ್ಕೆ ಇಮಿಟೇಶನ್ ಗೋಲ್ಡ್ ಲೀಫ್ ಮತ್ತು ಗೋಲ್ಡ್ ಮೈಕಾ ಪೌಡರ್, ಅದೇ ನಮ್ಮ ಅಜ್ಜಿಯರು ಕಾಗೆ ಬಂಗಾರ ಅಂತಿದ್ರಲ್ಲ ಆ ಅಭ್ರಕದ ಪುಡಿಗೆ ಬಣ್ಣ ಕಟ್ಟಿರೋದು. ಗೋಲ್ಡ್ ಲೀಫ್‌ಗೆ ಮೈಸೂರು ಪೇಂಟಿಂಗ್ ಸಾಮಾನು ಮಾರೋ ಅಂಗಡಿ ಇದ್ದರೆ ಅಲ್ಲಿ ವಿಚಾರಿಸಿ, ಆದ್ರೆ ಇಮಿಟೇಶನ್ ಅಂತ ಬಾಯಿಬಿಟ್ಟು ಹೇಳಿ, ಅಸಲಿ ಚಿನ್ನದ ರೇಕು ಇದಕ್ಕೆ ಸುಮ್ಮನೆ ದಂಡ.

ಸಲಕರಣೆ ಅಂದ್ರೆ ಉದ್ದ ಬ್ಲೇಡ್ ಒಂದು, ಅಕ್ರಿಲಿಕ್ ರೋಲರ್ (ಗಾಜಿನ ಬಾಟಲಿಯೂ ನಡೆಯುತ್ತೆ), ಉರುಟಿಸೋಕೆ ನಯವಾದ ಟೈಲ್ಸ್ ತುಂಡು, 2 ಮಿಮೀ ಸ್ಟೀಲ್ ತಂತಿ, ಹಳೇ ತುರಿಮಣೆ, 400ರಿಂದ 2000ರವರೆಗಿನ ವಾಟರ್ ಪೇಪರ್ (ನೀರಲ್ಲಿ ಉಜ್ಜೋ ಮರಳುಕಾಗದ). ಒಂದು ಸಲ ಕ್ಲೇಗೆ ಬಳಸಿದ ಪಾತ್ರೆ, ತುರಿಮಣೆ, ಚಾಕು ವಾಪಸ್ ಅಡುಗೆಮನೆಗೆ ಹೋಗಬಾರದು, ತೊಳೆದ್ರೂ ಬೇಡ.

ಬೇಯಿಸೋದು

ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಕೆಳಗೆ ಪ್ರತಿ ಕಡೆ ಬೇಕಾಗುತ್ತೆ. ಸಣ್ಣ ಓಟಿಜಿ (ಕೇಕ್ ಮಾಡೋ ಕರೆಂಟ್ ಓವನ್) ಸಾಕು, ಮೈಕ್ರೋವೇವ್ ಬೇಡವೇ ಬೇಡ. ಉಷ್ಣತೆ ಪ್ಯಾಕೆಟ್ ಮೇಲೆ ಇರೋದೇ ವೇದವಾಕ್ಯ: ಫಿಮೋ 110 ಡಿಗ್ರಿ, ಪ್ರೀಮೋ 130. ಸುಮಾರು 6 ಮಿಮೀ ದಪ್ಪಕ್ಕೆ ಅರ್ಧ ಗಂಟೆ ಲೆಕ್ಕ, ನಾನು ಯಾವಾಗಲೂ ಮುಕ್ಕಾಲು ಗಂಟೆ ಇಡ್ತೀನಿ, ಸರಿಯಾದ ಉಷ್ಣತೆಯಲ್ಲಿ ಹೆಚ್ಚು ಹೊತ್ತು ಬೆಂದ್ರೆ ಗಟ್ಟಿಯೇ ಆಗುತ್ತೆ. ಆದ್ರೆ ಓಟಿಜಿಯ ತಿರುಗುಬಟನ್ ಹೇಳೋದನ್ನ ನಂಬಬೇಡಿ. ನನ್ನ ಓವನ್ನಲ್ಲಿ 130 ಅಂತ ಇಟ್ಟರೆ ಒಳಗಿನ ಥರ್ಮಾಮೀಟರ್ 155 ತೋರಿಸ್ತಿತ್ತು, ಅದು ಗೊತ್ತಾಗೋ ಮುಂಚೆ ಒಂದು ಇಡೀ ತಟ್ಟೆ ಕಾರ್ನೀಲಿಯನ್ (ಕೆಂಪು ಕಲ್ಲಿನ ಥರದ್ದು) ಮಣಿ ಕಂದುಗಟ್ಟಿ ಹೋಯ್ತು. ಓವನ್ ಒಳಗೆ ಇಡೋ ಥರ್ಮಾಮೀಟರ್ ಕಡಿಮೆ ದುಡ್ಡಿಗೇ ಬರುತ್ತೆ, ಅದಿಲ್ಲದೆ ಕೈಹಾಕಬೇಡಿ.

ಒಂದು ಟೈಲ್ ಮೇಲೆ ಮಣಿ ಇಟ್ಟು, ಮೇಲೆ ಅಲ್ಯೂಮಿನಿಯಂ ಫಾಯಿಲ್ ಗುಡಾರದ ಥರ ಮುಚ್ಚಿ, ಹೀಟಿಂಗ್ ಕಾಯಿಲ್ ನೇರ ಬಿಸಿ ತಾಗಬಾರದು. ಕಿಟಕಿ ತೆಗೆದಿರಿ. ಬಿಸಿ ತೀರಾ ಜಾಸ್ತಿಯಾಗಿ ಸುಟ್ಟರೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ, ಕಣ್ಣು-ಮೂಗು ಉರಿಯುತ್ತೆ, ಹಂಗೇನಾದ್ರೂ ಆದ್ರೆ ಸ್ವಿಚ್ ಆಫ್ ಮಾಡಿ ರೂಮಿಂದ ಹೊರಗೆ ಬನ್ನಿ. ಇನ್ನು ಮಧ್ಯದಲ್ಲಿ ಕರೆಂಟ್ ಹೋದ್ರೆ ಗಾಬರಿ ಬೇಡ, ಓವನ್ ಬಾಗಿಲು ತೆಗೆಯದೆ ಹಂಗೇ ಬಿಡಿ, ಕರೆಂಟ್ ಬಂದ ಮೇಲೆ ಮೊದಲಿಂದ ಪೂರ್ತಿ ಟೈಮ್ ಬೇಯಿಸಿ. ಪಾಲಿಮರ್ ಕ್ಲೇನ ಎಷ್ಟು ಸಲ ಬೇಕಾದ್ರೂ ಮತ್ತೆ ಬೇಯಿಸಬಹುದು, ಈ ಗುಣದ ಮೇಲೇ ನಮ್ಮ ಫೇಯಾನ್ಸ್ ನಿಂತಿರೋದು.

ಫೇಯಾನ್ಸ್

ಅಸಲಿ ಫೇಯಾನ್ಸ್‌ನಲ್ಲಿ ಜೇಡಿಮಣ್ಣು ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬೆಣಚುಕಲ್ಲಿನ ಪುಡಿ ಇಲ್ಲಾ ಮರಳು ನೂರಕ್ಕೆ ತೊಂಬತ್ತು ಪಾಲಿಗೂ ಜಾಸ್ತಿ, ಸ್ವಲ್ಪ ಸುಣ್ಣ, ಸ್ವಲ್ಪ ನೇಟ್ರಾನ್ ಅನ್ನೋ ಸೋಡಾ ಉಪ್ಪು ಇಲ್ಲಾ ಗಿಡದ ಬೂದಿ, ಬಣ್ಣಕ್ಕೆ ತಾಮ್ರ. ಇದನ್ನ ಒದ್ದೆ ಮಾಡಿ ಆಕಾರ ಕೊಟ್ಟು ಒಣಗೋಕೆ ಬಿಟ್ಟರೆ ನೀರಿನ ಜೊತೆ ಉಪ್ಪೂ ಮೇಲ್ಮೈಗೆ ಬಂದು ಬೂಷ್ಟಿನ ಥರ ಬೆಳ್ಳಗೆ ಕೂರುತ್ತೆ, 800–1000 ಡಿಗ್ರಿ ಶಾಖದಲ್ಲಿ ಅದೇ ಉಪ್ಪು ಕರಗಿ ಮರಳಿನ ಜೊತೆ ಸೇರಿ ಗಾಜಾಗುತ್ತೆ. ಅಂದ್ರೆ ವಸ್ತು ತನ್ನ ಗ್ಲೇಜನ್ನ (ಗಾಜಿನ ಹೊದಿಕೆಯನ್ನ) ತಾನೇ ಬೆವರಿ ಹೊರಹಾಕುತ್ತೆ. ಎಲ್ಲಾ ಕುಸುರಿಗೂ ಇದೇ ಮೂಲ: ಗೀರಿನ ತಗ್ಗಲ್ಲಿ ಗಾಜು ನಿಂತು ಕಡುನೀಲಿ, ಉಬ್ಬಿದ ಅಂಚಲ್ಲಿ ಹರಿದುಹೋಗಿ ಮಸುಕು, ಒಲೆಯಲ್ಲಿ ತಳ ತಾಗಿದ ಕಡೆ ಗ್ಲೇಜೇ ಇಲ್ಲದ ಬೋಳು ಜಾಗ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ವಿಲಿಯಂ ಅಂತ ಮುದ್ದಾಗಿ ಕರೆಯೋ ನೀಲಿ ನೀರಾನೆ ಇದೆ, ಮೇರ್ ಅನ್ನೋ ಊರಿನ ಸಮಾಧಿಯದ್ದು, ನಾಲ್ಕು ಸಾವಿರ ವರ್ಷದ ಆಸುಪಾಸಿನದು, ಮೈಮೇಲೆ ಕಪ್ಪು ಗೆರೆಯಲ್ಲಿ ತಾವರೆ ಬರೆದಿದಾರೆ. ಅದರ ಫೋಟೋ ಫೋನಲ್ಲಿ ತೆರೆದಿಟ್ಕೊಂಡೇ ಬಣ್ಣ ಕಲಸಿ, ಎಲ್ಲೂ ಒಂದೇ ಸಮ ನೀಲಿ ಇಲ್ಲ ಅನ್ನೋದು ಕಣ್ಣಿಗೆ ಬೀಳ್ತಾ ಇರಬೇಕು.

ಈಗ ನಮ್ಮ ಕ್ರಮ. ಒಡಲಿಗೆ ಬಿಳಿ ಕ್ಲೇ ನಾಲ್ಕು ಭಾಗ, ಕಂದು ಬಣ್ಣದ್ದು ಕಡ್ಲೆಕಾಳಿನಷ್ಟು, ಆಮೇಲೆ ಬಿಳಿ ಕಲ್ಲಿನ ರಂಗೋಲಿ ಪುಡಿ ಒಂದು ಭಾಗ. ಹೌದು, ಬಾಗಿಲ ಮುಂದೆ ಹಾಕೋ ರಂಗೋಲಿ ಪುಡಿಯೇ, ಬಣ್ಣ ಇಲ್ಲದ್ದು, ಕಲ್ಲು ಬೀಸಿ ಮಾಡಿದ್ದು, ಅಕ್ಕಿಹಿಟ್ಟಿನದಲ್ಲ. ನಾನು ಏನೇನೋ ಪುಡಿ ಹಾಕಿ ನೋಡಿದ ಮೇಲೆ ಇದರ ತರಿಗೆ ಸಮ ಯಾವುದೂ ಬರಲಿಲ್ಲ. ಕಲಸುವಾಗ ಮೂಗಿಗೆ ಮಾಸ್ಕ್ ಇರಲಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಪುಡಿ ಒಂದು ಭಾಗಕ್ಕಿಂತ ಜಾಸ್ತಿ ಹಾಕಿದ್ರೆ ಮಣಿ ಮುರಿಯುತ್ತೆ.

ಆಕಾರ ಮಾಡಿ (ಆಕಾರದ್ದು ಮುಂದೆ ಹೇಳ್ತೀನಿ), ಗೀರು ಸ್ವಲ್ಪ ಆಳವಾಗೇ ಕೊರೀರಿ, ಮೇಲೆ ಗ್ಲೇಜ್ ತುಂಬುತ್ತೆ ಅನ್ನೋದು ನೆನಪಿರಲಿ. ಅಲ್ಲಲ್ಲಿ ಮೂರು-ನಾಲ್ಕು ಕಾಳು ಪುಡಿಉಪ್ಪು ಬೆರಳಿಂದ ಒತ್ತಿ. ಬೇಯಿಸಿ. ತಣ್ಣಗಾದ ಮೇಲೆ ನೀರಲ್ಲಿ ರಾತ್ರಿಯಿಡೀ ನೆನೆಸಿದ್ರೆ ಉಪ್ಪು ಕರಗಿ ಗುಳಿ ಉಳಿಯುತ್ತೆ. ಚೆನ್ನಾಗಿ ಒಣಗಿಸಿ, ತೇವ ಉಳಿದ್ರೆ ಮುಂದಿನ ಬೇಯಿಸುವಾಗ ಗ್ಲೇಜ್ ಒಳಗೆ ಗುಳ್ಳೆ ಏಳುತ್ತೆ.

ಗ್ಲೇಜಿಗೆ ಒಂದು ಟೀ ಚಮಚ ಲಿಕ್ವಿಡ್ ಕ್ಲೇಗೆ ಸಾಸಿವೆ ಕಾಳಿನಷ್ಟು ನೀಲಿ ಆಯಿಲ್ ಪೇಂಟ್, ಅದರ ಅರ್ಧ ಹಸಿರು. ಇಷ್ಟೇನಾ ಅಂತ ಅನಿಸುತ್ತೆ, ಇಷ್ಟೇ. ಬಣ್ಣ ಜಾಸ್ತಿಯಾದ್ರೆ ಪೇಂಟ್ ಬಳಿದ ಹಂಗಾಗಿ ಬಿಳಿ ಒಡಲು ಮುಚ್ಚಿಹೋಗುತ್ತೆ. ಬ್ರಷ್ಷಲ್ಲಿ ತೆಳ್ಳಗೆ ಹಚ್ಚಿ, ಉಬ್ಬಿದ ಅಂಚಿಂದ ಬೆರಳಲ್ಲಿ ಒರೆಸಿಬಿಡಿ, ಗೀರಲ್ಲಿ ಮಾತ್ರ ನಿಲ್ಲಲಿ, 20 ನಿಮಿಷ ಬೇಯಿಸಿ. ಎರಡನೇ ಪದರ ಎಲ್ಲಾ ಕಡೆ, ಮತ್ತೆ ಬೇಯಿಸಿ. ಮೂರನೇದು ನಿಮಗೆ ಕಡು ಬೇಕಾದ ಕಡೆ ಮಾತ್ರ. ಮೂರನೇ ಸಲ ಓವನ್ನಿಂದ ತೆಗೆದು ಕಿಟಕಿ ಬೆಳಕಿಗೆ ಹಿಡಿದಾಗ ಗೀರಿನ ಒಳಗೆ ನೀಲಿ ನೀರು ನಿಂತಂಗೆ ಕಾಣುತ್ತೆ ನೋಡಿ, ಅದೇ ನಾವು ಹುಡುಕ್ತಿದ್ದದ್ದು. ಒಂದು ಅಂಚಲ್ಲಿ ಜೋಳದಕಾಳಿನಷ್ಟು ಜಾಗ ಗ್ಲೇಜ್ ಇಲ್ಲದೆ ಬಿಳಿಯಾಗೇ ಬಿಡಿ.

ಹಳೇದು ಕಾಣಬೇಕಾದ್ರೆ ಕಂದು ಅಕ್ರಿಲಿಕ್ ನೀರಾಗಿ ಕಲಸಿ ಬಳಿದು ತಕ್ಷಣ ಬಟ್ಟೆಯಿಂದ ಒರೆಸಿ, ಗುಳಿಯಲ್ಲಿ ಮರಳು ಕೂತಂಗೆ ಉಳಿಯುತ್ತೆ. ಇಲ್ಲಿ ಕೈ ಹಿಡಿತ ಬೇಕು, ಸಾವಿರಾರು ವರ್ಷ ಹಳೇ ಫೇಯಾನ್ಸ್ ಎಷ್ಟೋ ಇವತ್ತಿಗೂ ಫಳಫಳ ಅಂತಿವೆ, ಎಲ್ಲಾನೂ ಕೆಸರು ಬಣ್ಣ ಮಾಡೋದು ಈಜಿಪ್ಟಿಗೆ ಮಾಡೋ ಅನ್ಯಾಯ ಅನ್ನೋದು ನನ್ನ ಅಭಿಪ್ರಾಯ.

ಲ್ಯಾಪಿಸ್

ಈಜಿಪ್ಟಿನ ನೆಲದಲ್ಲಿ ಲ್ಯಾಪಿಸ್ ಇರಲಿಲ್ಲ, ಅದು ಈಗಿನ ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳಿಂದ ಕೈಯಿಂದ ಕೈಗೆ ದಾಟಿ ನೈಲ್ ತನಕ ಬರ್ತಿತ್ತು. ಅದರಲ್ಲಿ ಮೂರು ಸೇರಿವೆ, ಕಡುನೀಲಿ ಲ್ಯಾಜುರೈಟ್, ಬಿಳಿ ಕ್ಯಾಲ್ಸೈಟ್ ನರಗಳು, ಚಿನ್ನದ ಚುಕ್ಕೆ ಥರ ಕಾಣೋ ಪೈರೈಟ್. ನಮ್ಮದರಲ್ಲೂ ಮೂರೂ ಬೇಕು.

ಅಲ್ಟ್ರಾಮರೀನ್ ನೀಲಿಯನ್ನ ಮೂರು ಪಾಲು ಮಾಡಿ. ಒಂದಕ್ಕೆ ಅಷ್ಟೇ ಪ್ರಮಾಣದ ಟ್ರಾನ್ಸ್‌ಲೂಸೆಂಟ್ ಸೇರಿಸಿ. ಇನ್ನೊಂದಕ್ಕೆ ಕಪ್ಪು, ಎಂಟರಲ್ಲಿ ಒಂದು ಪಾಲು. ಮೂರನೇದಕ್ಕೆ ಕೆಂಪು ಒಂದೇ ಒಂದು ರಾಗಿಕಾಳಿನಷ್ಟು, ಲ್ಯಾಪಿಸ್ ಒಳಗೆ ಆ ನೇರಳೆ ಛಾಯೆ ಇದೆಯಲ್ಲ ಅದಕ್ಕೆ. ನಾನು ಮೊದಲ ಸಲ ಕಪ್ಪು ಹಾಕದೆ ಮಾಡಿದ್ದೆ, ಸ್ಕೂಲ್ ಬ್ಯಾಗ್ ನೀಲಿ ಬಂತು, ಕಲ್ಲಿಗೆ ಆಳ ಕೊಡೋದು ಆ ಕಪ್ಪೇ. ಮೂರನ್ನೂ ಬ್ಲೇಡಿಂದ ರಾಗಿಯಿಂದ ಹೆಸರುಕಾಳಿನವರೆಗೆ ಬೇರೆ ಬೇರೆ ಗಾತ್ರಕ್ಕೆ ಕೊಚ್ಚಿ ರಾಶಿ ಹಾಕಿ, ಗೋಲ್ಡ್ ಲೀಫ್ ಕಾಲು ಹಾಳೆ ಚೂರು ಚೂರು ಮಾಡಿ ಉದುರಿಸಿ, ಕೈಯಲ್ಲಿ ಒತ್ತಿ ಗಟ್ಟಿ ಮಾಡಿ. ನಾದಬೇಡಿ! ನಾದಿದ್ರೆ ಮೂರೂ ಬಣ್ಣ ಸೇರಿ ಒಂದೇ ಆಗುತ್ತೆ. ಗಟ್ಟಿ ಆದ ತುಂಡನ್ನ ಓರೆಯಾಗಿ ಎರಡು ಹೋಳು ಮಾಡಿ, ಮಧ್ಯೆ ಬಿಳಿ-ಟ್ರಾನ್ಸ್‌ಲೂಸೆಂಟ್ ಮಿಶ್ರಣದ ಕಾಗದದಷ್ಟು ತೆಳು ಹಾಳೆಯನ್ನ ಅಲ್ಲಲ್ಲಿ ಹರಿದು ಇಟ್ಟು ಮತ್ತೆ ಸೇರಿಸಿ, ಒಂದು ಸಲ ಸಾಕು, ನರ ಬಹಳ ಆದ್ರೆ ಮಾರ್ಬಲ್ ನೆಲ ಆಗುತ್ತೆ. ಹೋಳು ಕತ್ತರಿಸಿ ಮಣಿ ಮಾಡಿ, ಬೇಯಿಸಿ, ಆಮೇಲೆ ಉಜ್ಜಿ.

ಉಜ್ಜೋದರ ಬಗ್ಗೆ ಯಾರೂ ಖುಷಿಯಾಗಿ ಮಾತಾಡಲ್ಲ, ಆದ್ರೆ ಕಲ್ಲು ಕಲ್ಲಾಗೋದು ಇಲ್ಲೇ. ಬೋಗುಣಿಯಲ್ಲಿ ನೀರು, ಎರಡು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್, ಅದರೊಳಗೇ 400, 600, 1000, 2000 ಹೀಗೆ ಒಂದೊಂದರಲ್ಲೂ ಎರಡು ನಿಮಿಷ. ಒಣ ಉಜ್ಜಿದ್ರೆ ಧೂಳು ಉಸಿರಿಗೆ ಹೋಗುತ್ತೆ, ನೀರಲ್ಲಿ ಆ ಚಿಂತೆ ಇಲ್ಲ. 400ರಲ್ಲಿ ಉಜ್ಜುವಾಗ ಒಳಗೆ ಹೂತಿದ್ದ ಚಿನ್ನದ ಚೂರು ಒಂದೊಂದಾಗಿ ಮಿಣಕ್ ಅಂತ ಮೇಲೆ ಬರುತ್ವೆ. ಕೊನೆಗೆ ಹಳೇ ಜೀನ್ಸ್ ಬಟ್ಟೆ ಮೇಲೆ ಬಲವಾಗಿ ತಿಕ್ಕಿ. ಲ್ಯಾಪಿಸ್‌ಗೆ ವಾರ್ನಿಶ್ ಬೇಡ, ತಿಕ್ಕಿ ಬಂದ ಹೊಳಪೇ ಸರಿ.

ಕಾರ್ನೀಲಿಯನ್

ಇದು ಸುಲಭ ಅನಿಸುತ್ತೆ, ಆದ್ರೆ ಬೇಗ ಕೆಡುತ್ತೆ. ಈಜಿಪ್ಟಿನ ಪೂರ್ವ ಮರುಭೂಮಿಯಲ್ಲಿ ಸಿಗ್ತಿದ್ದ ಕೆಂಪು ಕಲ್ಲು, ರಕ್ತದ ಬಣ್ಣ ಅಂತ ರಕ್ಷೆಗೆ ಬಳಸ್ತಿದ್ರು. ನಮ್ಮ ಕಡೆ ಗುಜರಾತಿನ ಖಂಭಾತ್‌ನಲ್ಲಿ ಇವತ್ತಿಗೂ ಇದೇ ಜಾತಿ ಕಲ್ಲು ತಿರುವಿ ಮಣಿ ಮಾಡ್ತಾರೆ, ಒಂದು ಅಸಲಿ ಮಣಿ ತರಿಸಿಕೊಂಡು ಎದುರಿಗೆ ಇಟ್ಕೊಂಡ್ರೆ ನೂರು ಫೋಟೋಗಿಂತ ಮೇಲು. ಬೆಳಕಿಗೆ ಹಿಡಿದ್ರೆ ಒಳಗೆ ಬೆಂಕಿ, ನೆಲದ ಮೇಲಿಟ್ಟರೆ ಕಂದುಗೆಂಪು.

ಟ್ರಾನ್ಸ್‌ಲೂಸೆಂಟ್ ಇಪ್ಪತ್ತು ಭಾಗಕ್ಕೆ ಕಿತ್ತಳೆ ಒಂದು, ಕೆಂಪು ಅರ್ಧ, ಕಂದು ಒಂದು ಚಿಟಿಕೆ. ಹಸಿಯಲ್ಲಿ ಪೇಲವ ಕಂಡ್ರೂ ಬಣ್ಣ ಸೇರಿಸೋಕೆ ಹೋಗ್ಬೇಡಿ, ಬೆಂದ ಮೇಲೆ ಗಾಢ ಆಗುತ್ತೆ. ಇದನ್ನೂ ಇದಕ್ಕಿಂತ ಸ್ವಲ್ಪ ಕಡುವಾದ ಇನ್ನೊಂದು ಉಂಡೆಯನ್ನೂ ಸೇರಿಸಿ ಎರಡೇ ಸುತ್ತು ತಿರುಚಿ ಮಣಿ ಮಾಡಿ. ಫಾಯಿಲ್ ಮುಚ್ಚೋದನ್ನ ಮರೀಬೇಡಿ, ಟ್ರಾನ್ಸ್‌ಲೂಸೆಂಟ್ ಎಲ್ಲಕ್ಕಿಂತ ಮೊದಲು ಕಂದುಗಟ್ಟುತ್ತೆ. ಓವನ್ನಿಂದ ಬಿಸಿಬಿಸಿ ತೆಗೆದು ನೇರ ಐಸ್ ನೀರಿಗೆ ಹಾಕಿ, ಒಳಗಿನ ಮಬ್ಬು ಕಡಿಮೆ ಆಗುತ್ತೆ. ಉಗುರಿನ ಚೂರಿನ ಥರ ಅರ್ಧಚಂದ್ರ ಕಲೆಗಳು ಕೆಲವು ಕಾಣಬಹುದು, ತೇವದಿಂದ ಆಗೋದು, ಕಾರ್ನೀಲಿಯನ್‌ಗೆ ಅದು ಚೆಂದವೇ. ಉಜ್ಜಿ ತಿಕ್ಕೋದು ಲ್ಯಾಪಿಸ್ ಥರಾನೇ.

ಟರ್ಕಾಯ್ಸ್ ಬೇಕಾದ್ರೆ ಟರ್ಕಾಯ್ಸ್ ಕ್ಲೇಗೆ ಬಿಳಿ, ಹಸಿರು ಸೇರಿಸಿ ತುರಿಮಣೆಯಲ್ಲಿ ತುರಿದು, ಕಂದು ಅಕ್ರಿಲಿಕ್‌ನಲ್ಲಿ ಹೊರಳಿಸಿ, ಪೂರ್ತಿ ಒಣಗಿಸಿ, ಒತ್ತಿ ಗಟ್ಟಿ ಮಾಡಿದ್ರಾಯ್ತು, ಉಜ್ಜಿದಾಗ ಕಂದು ಜಾಲರಿ ಬರುತ್ತೆ. ಈಜಿಪ್ಟಿನವರು ಅದನ್ನ ತಂದಿದ್ದು ಸಿನಾಯ್‌ನ ಸೆರಾಬಿತ್ ಎಲ್-ಖಾದಿಮ್ ಗಣಿಗಳಿಂದ, ಅಲ್ಲಿ ಟರ್ಕಾಯ್ಸ್ ಒಡತಿ ಅಂತ ಹಾಥೋರ್ ದೇವಿಯ ಗುಡಿಯೇ ಇದೆ. ಆಕಾಶನೀಲಿ ಬೇಡ, ಹಸಿರು ಕಡೆಗೇ ಇರಲಿ.

ಮೊದಲ ಕೆಲಸ: ಸ್ಕಾರಬ್

ಕಂಠಹಾರಕ್ಕೆ ಹಾರೋ ಮುಂಚೆ ಒಂದು ಸ್ಕಾರಬ್ ಮಾಡಿ, ಸಗಣಿ ಉಂಡೆ ಉರುಳಿಸೋ ಹುಳ, ಈಜಿಪ್ಟಿನವರಿಗೆ ಬೆಳಗಿನ ಸೂರ್ಯದೇವ ಖೆಪ್ರಿಯ ರೂಪ. 2 ಸೆಂಮೀ ಉದ್ದದ ಮೊಟ್ಟೆಯಾಕಾರ ಸಾಕು, ಅಸಲಿಯವೂ ಬಹುಪಾಲು ಅಷ್ಟೇ ಚಿಕ್ಕವು. ಫೇಯಾನ್ಸ್ ಒಡಲಿನ ಕ್ಲೇನ ಟೈಲ್ಸ್ ಮೇಲೆ ಒತ್ತಿ ತಳ ಚಪ್ಪಟೆ, ಬೆನ್ನು ಗುಂಡಗೆ ಮಾಡಿ. ಮುಂದಿನಿಂದ ಮೂರನೇ ಒಂದು ಭಾಗದಲ್ಲಿ ಬ್ಲೇಡಿನ ಹಿಂಬದಿಯಿಂದ ಅಡ್ಡಗೆರೆ, ಅದರ ಮಧ್ಯದಿಂದ ಹಿಂದಕ್ಕೆ ನೇರ ಒಂದು ಗೆರೆ, ರೆಕ್ಕೆ ಎರಡಾಯ್ತು. ತಲೆಯ ಅಂಚಲ್ಲಿ ಸೂಜಿಯಿಂದ ನಾಲ್ಕೈದು ಹಲ್ಲು. ಪಕ್ಕದಲ್ಲಿ ಕಾಲುಗಳಿಗೆ ಓರೆ ಗೀರು ಮೂರು ಮೂರು. ತಳದಲ್ಲಿ ಒಂದು ಅಂಖ್ (ಮೇಲೆ ಕುಣಿಕೆ ಇರೋ ಶಿಲುಬೆ ಥರದ ಈಜಿಪ್ಟಿನ ಜೀವದ ಗುರುತು) ಕೊರೀರಿ, ಗೆರೆ ಸರಳ, ತಪ್ಪೋ ಭಯ ಇಲ್ಲ, ಗೊತ್ತಿಲ್ಲದ ಚಿತ್ರಲಿಪಿ ಸುಮ್ಮನೆ ನಕಲು ಮಾಡಿ ಏನೋ ಬರೆಯೋದಕ್ಕಿಂತ ಇದು ಮೇಲು. ತಲೆಯಿಂದ ಬಾಲದ ತನಕ ಉದ್ದಕ್ಕೆ ತಂತಿ ತೂರಿಸಿ, ಎರಡೂ ಕಡೆಯಿಂದ ತಿರುಗಿಸ್ತಾ ತೂರಿಸಿದ್ರೆ ತೂತು ಮಧ್ಯದಲ್ಲೇ ಬರುತ್ತೆ, ತಂತಿ ಸಮೇತ ಬೇಯಿಸಿ. ಆಮೇಲೆ ಮೇಲೆ ಹೇಳಿದ ಗ್ಲೇಜ್.

ಕಂಠಹಾರ

ವೆಸೆಖ್ ಅಂದ್ರೆ ಅಗಲ ಅಂತ ಅರ್ಥ, ಕುತ್ತಿಗೆಯಿಂದ ಎದೆ ಮೇಲೆ ಹರಡೋ ಸಾಲುಮಣಿ ಹಾರ. ಈಜಿಪ್ಟಿನ ಹಳೇ ಪಟ್ಟಣ ಥೀಬ್ಸ್‌ನಲ್ಲಿ ವಾಹ್ ಅನ್ನೋ ಒಬ್ಬ ಎಸ್ಟೇಟ್ ಮ್ಯಾನೇಜರ್‌ನ ಮಮ್ಮಿ 1920ರಲ್ಲಿ ಸಿಕ್ಕಿತು, ಮೆಟ್ರೋಪಾಲಿಟನ್‌ಗೆ ತಂದ ಮೇಲೆ 1939ರಲ್ಲಿ ಎಕ್ಸ್-ರೇ ತೆಗೆದಾಗ ಬಟ್ಟೆ ಸುತ್ತುಗಳ ಒಳಗೆ ಆಭರಣ ಕಂಡಿತು, ಅದರಲ್ಲಿ ಒಂದು ಫೇಯಾನ್ಸ್ ವೆಸೆಖ್. ನಿಂತ ಕೊಳವೆ ಮಣಿಗಳ ಸಾಲು, ಹೊರಗಡೆ ಹನಿ ಆಕಾರದ ಜೋತುಮಣಿ, ಎರಡು ತುದಿಗೆ ಅರ್ಧಚಂದ್ರದ ಬಿಲ್ಲೆ. ನಮ್ಮದೂ ಅದೇ ವಿನ್ಯಾಸ, ಮೂರು ಸಾಲು.

ಲೆಕ್ಕ ಹೀಗೆ. ಪ್ರತಿ ಸಾಲಿಗೆ 50 ಕೊಳವೆ, ಉದ್ದ ಎಲ್ಲಾ 14 ಮಿಮೀ, ದಪ್ಪ ಮಾತ್ರ ಒಳಸಾಲಿಗೆ 5 ಮಿಮೀ, ನಡುವಿನದಕ್ಕೆ 6, ಹೊರಗಿನದಕ್ಕೆ 7. ಹೀಗೆ ಸಾಲಿನುದ್ದ 25, 30, 35 ಸೆಂಮೀ ಆಗಿ ಹಾರ ತಾನಾಗೇ ಅರ್ಧವೃತ್ತಕ್ಕೆ ಬಾಗುತ್ತೆ. ಎಲ್ಲಾ ಒಂದೇ ದಪ್ಪ ಮಾಡಿದ್ರೆ ಬೆಲ್ಟ್ ಥರ ನೇರ ನಿಲ್ಲುತ್ತೆ, ಕುತ್ತಿಗೆಗೆ ಕೂರಲ್ಲ. ಮೊದಲ ಹಾರದಲ್ಲಿ ನನಗೆ ಆಗಿದ್ದು ಅದೇ, ಇಡೀ ಬಿಚ್ಚಿ ಮತ್ತೆ ಮಣಿ ಮಾಡಬೇಕಾಯ್ತು.

ಕೊಳವೆಗೆ ತಂತಿ ಸುತ್ತ ಕ್ಲೇ ಹಚ್ಚಿ ಟೈಲ್ಸ್ ಮೇಲೆ ಉರುಟಿಸಿ ಬೇಕಾದ ದಪ್ಪಕ್ಕೆ ತನ್ನಿ, ಸ್ಕೇಲ್ ಪಕ್ಕದಲ್ಲಿಟ್ಟು 14 ಮಿಮೀಗೊಂದು ಗುರುತು ಹಾಕಿ, ಬ್ಲೇಡನ್ನ ಒತ್ತದೆ ತಂತಿ ಸಮೇತ ಉರುಳಿಸ್ತಾ ಕತ್ತರಿಸಿ. ಒತ್ತಿದ್ರೆ ತುದಿ ಚಪ್ಪಟೆ ಆಗುತ್ತೆ. ಬೇಸಿಗೆಯಲ್ಲಿ ಕ್ಲೇ ಅಂಟಂಟು ಆದ್ರೆ ಹತ್ತು ನಿಮಿಷ ಫ್ರಿಜ್ಜಲ್ಲಿಟ್ಟು ತೆಗೀರಿ. ತಂತಿ ಮೇಲೇ ಬೇಯಿಸಿ, ಸ್ವಲ್ಪ ಬಿಸಿ ಇರುವಾಗಲೇ ತಿರುಗಿಸಿ ಬಿಡಿಸಿ. ನಾನು ನಡುವಿನ ಸಾಲಿನಲ್ಲಿ ಪ್ರತಿ ಐದನೇದು ಕಾರ್ನೀಲಿಯನ್, ಉಳಿದದ್ದೆಲ್ಲಾ ಫೇಯಾನ್ಸ್ ಇಡ್ತೀನಿ. 140 ಫೇಯಾನ್ಸ್ ಮಣಿಗೆ ಗ್ಲೇಜ್ ಹಚ್ಚುವಾಗ ಒಂದೊಂದು ತಟ್ಟೆಗೂ ಬಣ್ಣ ಚೂರು ಹೆಚ್ಚುಕಮ್ಮಿ ಆಗುತ್ತೆ, ಆಗಲಿ, ಕೊನೆಗೆ ಒಂದೊಂದು ಸಾಲಿನ ಮಣಿಯನ್ನೂ ಅದರದೇ ಡಬ್ಬಿಯಲ್ಲಿ ಕಲಸಿ ಪೋಣಿಸಿ, ಅಸಲಿ ಹಾರದ ಮಿನುಗು ಈ ವ್ಯತ್ಯಾಸದ್ದೇ.

ಜೋತುಮಣಿ 50, ಲ್ಯಾಪಿಸ್ ಕ್ಲೇಯಲ್ಲಿ, ಹೊರಸಾಲಿನ ಒಂದೊಂದು ಕೊಳವೆಗೆ ಒಂದು, 15 ಮಿಮೀ ಉದ್ದದ ನೀರಹನಿ, ಮೇಲಿನ ತುದಿಯಲ್ಲಿ ಅಡ್ಡ ತೂತು. ತುದಿ ಬಿಲ್ಲೆಗಳಿಗೆ ಗೋಲ್ಡ್ ಕ್ಲೇ 4 ಮಿಮೀ ದಪ್ಪ ಲಟ್ಟಿಸಿ, 5 ಸೆಂಮೀ ನೇರ ಅಂಚಿರೋ ಅರ್ಧಚಂದ್ರ ಎರಡು ಕತ್ತರಿಸಿ, ನೇರ ಅಂಚಿನ ಹತ್ತಿರ ಸಾಲಿಗೊಂದು ತೂತು, ಗುಂಡು ಕಡೆ ಒಂದು ತೂತು. ಹಸಿಯಲ್ಲೇ ಮೈಕಾ ಪೌಡರ್ ಬ್ರಷ್ಷಿಂದ ತಿಕ್ಕಿ, ಬೇಯಿಸಿ, ವಾರ್ನಿಶ್ ಹಾಕಿ, ಇಲ್ಲಾಂದ್ರೆ ಪುಡಿ ಬಟ್ಟೆಗೆಲ್ಲಾ ಮೆತ್ತುತ್ತೆ. ವಾರ್ನಿಶ್ ನೀರಿನ ಆಧಾರದ್ದೇ ಆಗಿರಬೇಕು. ನೇಲ್ ಪಾಲಿಶ್ ಯಾವತ್ತೂ ಬೇಡ, ಕೆಲವು ದಿನ ಚೆನ್ನಾಗಿ ಕಂಡು ಆಮೇಲೆ ಅಂಟಂಟಾಗಿ ಕ್ಲೇನೇ ಹಾಳು ಮಾಡುತ್ತೆ.

ಪೋಣಿಸೋಕೆ ಮೇಣ ಹಾಕಿದ ಗಟ್ಟಿ ನೈಲಾನ್ ದಾರ, ಎರಡು ತುದಿಗೂ ಒಂದೊಂದು ಸೂಜಿ. ಮೊದಲ ಕೊಳವೆಗೆ ಒಂದು ಸೂಜಿ ಮೇಲಿಂದ, ಇನ್ನೊಂದು ಕೆಳಗಿಂದ ದಾಟಿಸಿ ಎಳೀರಿ, ಪಕ್ಕದ ಕೊಳವೆಗೂ ಹಾಗೇ, ಎರಡು ದಾರ ಒಳಗೇ ಒಂದನ್ನೊಂದು ದಾಟುತ್ವೆ, ಕೊಳವೆಗಳು ಏಣಿ ಮೆಟ್ಟಿಲ ಥರ ಪಕ್ಕಪಕ್ಕ ನಿಲ್ಲುತ್ವೆ. ತೀರಾ ಬಿಗಿ ಎಳೀಬೇಡಿ, ಬಾಗೋಕೆ ಸ್ವಲ್ಪ ಸಡಿಲ ಬೇಕು. ಸಾಲಿನ ಕೆಳಗೆ ಮಣಿ-ಮಣಿ ನಡುವೆ ದಾರದ ಸೇತುವೆ ಉಳಿಯುತ್ತಲ್ಲ, ಎರಡನೇ ಸಾಲು ಪೋಣಿಸುವಾಗ ಮೇಲಿನ ದಾರವನ್ನ ಪ್ರತಿ ಸಲ ಆ ಸೇತುವೆಗೆ ಕೊಕ್ಕೆ ಹಾಕಿ ಮುಂದಕ್ಕೆ ಹೋಗಿ. ಮೂರನೇ ಸಾಲೂ ಹಾಗೇ, ಅದರ ಕೆಳ ಸೇತುವೆಗೆ ಜೋತುಮಣಿ. ಸಾಲಿನ ತುದಿ ದಾರಗಳನ್ನ ಬಿಲ್ಲೆಯ ತೂತಿಂದ ಹೊರಗೆ ತಂದು ಹಿಂದೆ ಗಂಟು ಹಾಕಿ, ಗಂಟಿನ ಮೇಲೆ ಒಂದು ಹನಿ ಫೆವಿಕ್ವಿಕ್.

ಇಷ್ಟು ಮಣಿ ಸೇರಿದ್ರೆ ತೂಕ ನೂರು ಗ್ರಾಂ ಆಚೀಚೆ, ಎಲ್ಲಾ ಮುಂದಕ್ಕೇ ಎಳೆಯುತ್ತೆ. ಈಜಿಪ್ಟಿನವರು ಇದಕ್ಕೆ ಬೆನ್ನ ಹಿಂದೆ ಮಾಂಖೆತ್ ಅನ್ನೋ ತೂಗುಬಿಲ್ಲೆ ಜೋತುಬಿಡ್ತಿದ್ರು, ನಾವೂ ಬಿಡಬಹುದು. 3 ಸೆಂಮೀ ಅಗಲ, 8 ಸೆಂಮೀ ಉದ್ದದ ದಪ್ಪ ತುಂಡು ಮಾಡಿ ಅದಕ್ಕೂ ಫೇಯಾನ್ಸ್ ಗ್ಲೇಜ್ ಕೊಟ್ಟು, ಎರಡು ಬಿಲ್ಲೆಯ ದಾರ ಕುತ್ತಿಗೆ ಹಿಂದೆ ಸೇರೋ ಕಡೆ ಕಟ್ಟಿ. ಹಾರ ಹಾಕ್ಕೊಂಡು ಕನ್ನಡಿ ಮುಂದೆ ಒಂದು ಸಲ ಬಗ್ಗಿ ಏಳಿ. ಮುಂದಕ್ಕೆ ಜಾರಿದ್ರೆ ತೂಗುಬಿಲ್ಲೆ ಹಗುರ ಆಯ್ತು ಅಂತ ಅರ್ಥ, ಅದರ ಹಿಂಬದಿಗೆ ಇನ್ನೊಂದು ಪದರ ಕ್ಲೇ ಹಚ್ಚಿ ಮತ್ತೆ ಬೇಯಿಸಿ.